ಕೇಳಿ ತಿಳಿಯಲು ರೇಡಿಯೋ ಬೇಕೋ, ಟಿ.ವಿ. ಬೇಕೋ?



ಈ ಸಲದ ಗೋಡೆ ಪತ್ರಿಕೆಗೆ ಹುಲಿ, ಆನೆ, ಸೌರವ್ಯೂಹ, ಪರಿಸರ ಮಾಲಿನ್ಯ ಇವುಗಳ ಬಗ್ಗೆ ಬರೆಯಲು ಬೇಕಾದಷ್ಟು ಮಂದಿ ಇದ್ದಾರೆ. ಆದುದರಿಂದ ನಾನು ಬೇರೆ ಒಂದು ವಿಷಯ ಆರಿಸಿಕೊಂಡಿದ್ದೇನೆ. ಅದು ಕಿವಿಯ ವಿಷಯ. ವಿಜ್ಞಾನ ಪುಸ್ತಕದಲ್ಲಿ ಚಿತ್ರ ಬರೆದು ಭಾಗಗಳನ್ನು ಗುರುತಿಸುವ ಕಿವಿ ಅಲ್ಲ, ಕೇಳಿದ್ದನ್ನು ಅರ್ಥ ಮಾಡಿಕೊಳ್ಳುವ ಕಿವಿ.

ಕೇಳಿಸುವುದು ಬೇರೆ, ಕೇಳಿ ಅರ್ಥವಾಗುವುದು ಬೇರೆ. ಬಿ.ಸಿ.ರೋಡಿನಲ್ಲಿ ಬಸ್ಸಿಗೆ ಕಾಯುವಾಗ ಪಕ್ಕದಲ್ಲಿ ಇಬ್ಬರು ಮಲಯಾಳ ಮಾತಾಡಿದರೆ ನಮಗೆ ಒಂದೊಂದು ಅಕ್ಷರವೂ ಕೇಳಿಸುತ್ತದೆ. ಆದರೆ ವಿಷಯ ಎಂತದು ಅಂತ ಗೊತ್ತಾಗುವುದಿಲ್ಲ. ಕಿವಿ ತನ್ನ ಕೆಲಸ ಮಾಡಿದೆ, ತಲೆ ಮಾಡಿಲ್ಲ. ತರಗತಿಯಲ್ಲೂ ಎಷ್ಟೋ ಸಲ ಹೀಗೇ ಆಗುತ್ತದೆ. ಟೀಚರ್ "ಅರ್ಥ ಆಯ್ತಾ?" ಅಂತ ಕೇಳಿದ ಕೂಡಲೇ ನಾವೆಲ್ಲ ಒಂದೇ ರಾಗದಲ್ಲಿ "ಆಯ್ತು ಟೀಚರ್" ಅಂತ ಹೇಳುತ್ತೇವೆ. ಆ ರಾಗ ಒಂದನೆಯ ತರಗತಿಯಿಂದ ಅಭ್ಯಾಸವಾದದ್ದು. ಅದಕ್ಕೂ ಅರ್ಥಕ್ಕೂ ದೊಡ್ಡ ಸಂಬಂಧ ಉಂಟು ಅಂತ ನನಗೆ ಕಾಣುವುದಿಲ್ಲ.

ಇದನ್ನು ಈಗಲೇ ಯಾಕೆ ಬರೆಯಬೇಕು ಅಂತ ನೀವು ಕೇಳಬಹುದು. ನಮ್ಮ ಶಾಲೆ ಏಳನೆಗೆ ಮುಗಿಯುತ್ತದೆ. ಮುಂದಿನ ವರ್ಷ ನಾವು ಕೆಲವರು ಬಂಟ್ವಾಳಕ್ಕೆ, ಕೆಲವರು ಮೂಡುಬಿದಿರೆಗೆ, ಅಜ್ಜಿಮನೆ ಹತ್ತಿರ ಇರುವವರು ಬೆಳ್ತಂಗಡಿಗೆ ಹೈಸ್ಕೂಲಿಗೆ ಹೋಗುವವರು. ಅಲ್ಲಿ ಒಂದೊಂದು ವಿಷಯಕ್ಕೆ ಒಬ್ಬೊಬ್ಬ ಮಾಸ್ಟ್ರು. ತರಗತಿಯೂ ದೊಡ್ಡದು. ಗೊತ್ತಾಗದಿದ್ದರೆ ಇಲ್ಲಿಯ ಹಾಗೆ ತುಳುವಿನಲ್ಲಿ ಇನ್ನೊಮ್ಮೆ ಹೇಳಿಕೊಡುವವರು ಸಿಗಲಿಕ್ಕಿಲ್ಲ. ಹೋದ ವರ್ಷ ಇಲ್ಲಿಂದ ಹೋದ ನನ್ನ ದೊಡ್ಡಮ್ಮನ ಮಗಳು ಓದುವುದರಲ್ಲಿ ಹುಷಾರು. ಆದರೂ ಮೊದಲ ಎರಡು ತಿಂಗಳು ತರಗತಿಯಲ್ಲಿ ಹೇಳಿದ್ದು ಯಾವುದೂ ತಲೆಗೆ ಹೋಗುತ್ತಿರಲಿಲ್ಲ, ಮನೆಗೆ ಬಂದು ಪುಸ್ತಕ ನೋಡಿದ ಮೇಲೆಯೇ ತಿಳಿಯುತ್ತಿದ್ದದ್ದು ಅಂತ ಅವಳೇ ಹೇಳಿದ್ದಾಳೆ.

ಶಾಲೆಯ ಹೊರಗೂ ಹಾಗೆಯೇ. ನನ್ನ ಅಜ್ಜಿಗೆ ತುಳು ಬಿಟ್ಟರೆ ಬೇರೆ ಭಾಷೆ ಸರಿಯಾಗಿ ಬರುವುದಿಲ್ಲ. ಆಸ್ಪತ್ರೆಗೆ ಅವರ ಜೊತೆ ಹೋಗುವುದು ನಾನು. ಡಾಕ್ಟರು ಘಟ್ಟದ ಮೇಲಿನವರು, ಒಳ್ಳೆಯವರು, ಆದರೆ ಮಾತು ಬೇಗ ಬೇಗ. ಬಿಳಿ ಮಾತ್ರೆ ಊಟದ ಮೊದಲು, ಹಳದಿ ಮಾತ್ರೆ ಊಟದ ನಂತರ, ಗುಲಾಬಿ ಬಣ್ಣದ್ದು ರಾತ್ರಿ ಮಾತ್ರ, ಅದೂ ಐದೇ ದಿನ. ಇಷ್ಟನ್ನೂ ಒಂದೇ ಉಸಿರಿಗೆ ಹೇಳುತ್ತಾರೆ. ನಾನು ಅದನ್ನು ಹಿಡಿದುಕೊಂಡು ಅಜ್ಜಿಗೆ ತುಳುವಿನಲ್ಲಿ ಹೇಳಬೇಕು. ಅಲ್ಲಿ "ಆಯ್ತು ಟೀಚರ್" ಅಂತ ರಾಗ ಎಳೆದರೆ ಆಗುವುದಿಲ್ಲ.

ಇನ್ನು, ಓದುವುದಕ್ಕಿಂತ ಕೇಳುವುದು ಕಷ್ಟ ಯಾಕೆ ಅಂತ ನೋಡುವ. ಓದುವಾಗ ತಿಳಿಯದಿದ್ದರೆ ಕಣ್ಣು ಹಿಂದಿನ ಸಾಲಿಗೆ ಹೋಗಬಹುದು. ಮಾತು ಹಾಗಲ್ಲ. ಆಡಿದ ಕೂಡಲೇ ಅದು ಹೋಯಿತು. ಒಂದು ಶಬ್ದದಲ್ಲಿ ಸಿಕ್ಕಿಬಿದ್ದು ಅದನ್ನೇ ಯೋಚಿಸುತ್ತಾ ಕೂತರೆ ಅಷ್ಟರಲ್ಲಿ ಮುಂದಿನ ಹತ್ತು ಶಬ್ದ ಹಾರಿ ಹೋಗಿರುತ್ತದೆ. ಎರಡನೆಯದಾಗಿ, ಪುಸ್ತಕದಲ್ಲಿ ಶಬ್ದ ಶಬ್ದದ ನಡುವೆ ಜಾಗ ಬಿಟ್ಟಿರುತ್ತಾರೆ. ಬಾಯಿಯಲ್ಲಿ ಆ ಜಾಗ ಇಲ್ಲ. ಇಂಗ್ಲಿಷ್ ಪುಸ್ತಕದಲ್ಲಿ "ವಾಟ್ ಆರ್ ಯು ಡೂಯಿಂಗ್" ಅಂತ ನಾಲ್ಕು ಶಬ್ದ. ಅದೇ ಮಾತು ಟಿ.ವಿ.ಯಲ್ಲಿ "ವಾಟರ್ಯಡೂಯಿಂಗ್" ಅಂತ ಒಂದೇ ಶಬ್ದದ ಹಾಗೆ ಬರುತ್ತದೆ. ಓದಿ ಗೊತ್ತಿರುವವನಿಗೂ ಅದು ಯಾರದೋ ಹೆಸರು ಇರಬೇಕು ಅಂತ ಅನಿಸುತ್ತದೆ. ಕನ್ನಡದಲ್ಲೂ ನಾವು "ಮಾಡಿ ಬಿಟ್ಟು ಇದ್ದಾನೆ" ಅಂತ ಬಿಡಿಸಿ ಯಾರೂ ಹೇಳುವುದಿಲ್ಲ.

ನಮಗೆ ಇನ್ನೊಂದು ತೊಡಕು ಉಂಟು. ನಮ್ಮ ತರಗತಿಯಲ್ಲಿ ಮನೆಯಲ್ಲಿ ಕನ್ನಡ ಮಾತಾಡುವವರು ಇಬ್ಬರೋ ಮೂವರೋ. ಉಳಿದವರದ್ದು ತುಳು, ಬ್ಯಾರಿ, ಕೊಂಕಣಿ. ತುಳುವಿನಲ್ಲಿ "ಇಲ್ಲ್" ಅಂದರೆ ಮನೆ, ಕನ್ನಡದಲ್ಲಿ "ಇಲ್ಲ" ಅಂದರೆ ಇಲ್ಲವೇ ಇಲ್ಲ. ತುಳುವಿನಲ್ಲಿ "ಬಲೆ" ಅಂದರೆ ಬನ್ನಿ, ಕನ್ನಡದಲ್ಲಿ ಮೀನು ಹಿಡಿಯುವ ಬಲೆ. ಒಂದನೆಯ ತರಗತಿಗೆ ಬರುವ ಸಣ್ಣ ಮಕ್ಕಳ ಕಿವಿಯಲ್ಲಿ ಇದೆಲ್ಲ ಎಷ್ಟು ಕಲಸಿಹೋಗುತ್ತದೆ ಎಂಬುದನ್ನು ದೊಡ್ಡವರು ಮರೆತುಬಿಡುತ್ತಾರೆ. ಹಾಗಂತ ಇದು ಆಗದ ಕೆಲಸ ಅಲ್ಲ. ಪಂಜೆ ಮಂಗೇಶರಾಯರು ಹುಟ್ಟಿದ್ದು 1874ರಲ್ಲಿ, ನಮ್ಮ ಬಂಟ್ವಾಳದಲ್ಲಿಯೇ. ಅವರ ಮನೆಮಾತು ಕೊಂಕಣಿ. ಅವರು ಕನ್ನಡದ ಮಕ್ಕಳಿಗೆ ಪದ್ಯ ಕತೆ ಬರೆದರು, ಶಾಲಾ ಇನ್‌ಸ್ಪೆಕ್ಟರ್ ಕೂಡ ಆಗಿದ್ದರು. ಅವರ "ನಾಗರಹಾವೆ" ಪದ್ಯ ಓದುವುದಕ್ಕಿಂತ ಕೇಳಿದರೆ ಬೇಗ ಬಾಯಿಗೆ ಬರುತ್ತದೆ. ಬೇಕಾದರೆ ಎರಡನೆಯ ತರಗತಿಯವರನ್ನು ಕೇಳಿ ನೋಡಿ.

ಟೀಚರ ಮಾತು ನಮಗೆ ದಿನವೂ ಕೇಳಿ ಅಭ್ಯಾಸ. ಅವರ ಮುಖ ನೋಡಿದರೇ ಅರ್ಧ ತಿಳಿಯುತ್ತದೆ. ಕಷ್ಟ ಬರುವುದು ಹೊಸ ಸ್ವರ ಕೇಳುವಾಗ. ಕಳೆದ ವರ್ಷ ನಮ್ಮಲ್ಲಿಗೆ ಉತ್ತರ ಕರ್ನಾಟಕದ ಕಡೆಯಿಂದ ಹೊಸ ಮಾಸ್ಟ್ರು ಬಂದರು. ಮೊದಲ ದಿನ ತರಗತಿಗೆ ಬಂದು ಪ್ರೀತಿಯಿಂದ "ಕುಂದ್ರಿ" ಅಂದರು. ನಾವೆಲ್ಲ ನಿಂತೇ ಇದ್ದೆವು! ಕುಂದಾಪುರದ ಸುದ್ದಿ ಹೇಳುತ್ತಿದ್ದಾರೋ ಏನೋ ಅಂತ ಒಬ್ಬ ಪಿಸುಗುಟ್ಟಿದ. ಮೂರನೆಯ ಸಲ ಅವರು ಕೈ ತೋರಿಸಿದ ಮೇಲೆ ಕೂತುಕೊಂಡೆವು. ಈಗ ಅವರ ಪಾಠ ಅಂದರೆ ನಮಗೆ ಗಮ್ಮತ್ತು. ಹೊಸ ಸ್ವರ, ಹೊಸ ಊರಿನ ಮಾತು, ಹೊಸ ವೇಗ ಇದಕ್ಕೆಲ್ಲ ಕಿವಿ ಹೊಂದಿಕೊಳ್ಳಬೇಕಾದರೆ ಅದು ದಿನವೂ ಕಿವಿಗೆ ಬೀಳಬೇಕು. ಬೇರೆ ಬೇರೆ ಊರಿನ ಇಪ್ಪತ್ತು ಮಂದಿ ಮಾಸ್ಟ್ರುಗಳನ್ನು ನಮ್ಮ ಶಾಲೆಗೆ ತರಿಸಲಿಕ್ಕೆ ಆಗುವುದಿಲ್ಲ. ಅವರ ಸ್ವರವನ್ನು ತರಿಸಬಹುದು. ಅಲ್ಲಿಗೆ ಬೇಕಾದದ್ದು ರೇಡಿಯೋ, ಟಿ.ವಿ., ಪೆನ್‌ಡ್ರೈವ್, ಫೋನು.

ಮೊದಲು ರೇಡಿಯೋ. ಕರ್ನಾಟಕದಲ್ಲಿ ರೇಡಿಯೋ ಶುರು ಮಾಡಿದ್ದು ಒಬ್ಬ ಮಾಸ್ಟ್ರು ಅಂತ ನಿಮಗೆ ಗೊತ್ತುಂಟಾ? 1935ರಲ್ಲಿ ಮೈಸೂರಿನ ಮಹಾರಾಜ ಕಾಲೇಜಿನ ಪ್ರಾಧ್ಯಾಪಕರಾಗಿದ್ದ ಡಾ. ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ಬಾನುಲಿ ಕೇಂದ್ರ ನಡೆಸಿದರು. ಅವರು ಕಲಿಸುತ್ತಿದ್ದದ್ದು ಮನಶ್ಶಾಸ್ತ್ರ, ಅಂದರೆ ಮನಸ್ಸು ಹೇಗೆ ಕೆಲಸ ಮಾಡುತ್ತದೆ ಎಂಬ ಶಾಸ್ತ್ರ. "ಆಕಾಶವಾಣಿ" ಎಂಬ ಹೆಸರು ಬಂದದ್ದು ಆ ಕೇಂದ್ರದಿಂದ. ನಮ್ಮ ಮಂಗಳೂರು ಆಕಾಶವಾಣಿ ಶುರುವಾದದ್ದು 1976ರಲ್ಲಿ. ಕನ್ನಡ, ತುಳು, ಕೊಂಕಣಿ ಎಲ್ಲವೂ ಅದರಲ್ಲಿ ಬರುತ್ತದೆ. ಅಜ್ಜ ಈಗಲೂ ಅಡಿಕೆ ಸುಲಿಯುವಾಗ ರೇಡಿಯೋ ಹಾಕುತ್ತಾರೆ. ಕೈ ಅಡಿಕೆಯಲ್ಲಿ, ಕಿವಿ ಮಂಗಳೂರಿನಲ್ಲಿ.

ಆದರೆ ರೇಡಿಯೋಗೆ ಒಂದು ದೋಷ. ಅದು ಒಂದೇ ಸಮನೆ ಮಾತಾಡುತ್ತಾ ಹೋಗುತ್ತದೆ. ನಮಗೆ ಗೊತ್ತಾಯಿತೋ ಇಲ್ಲವೋ ಅಂತ ಅದಕ್ಕೆ ಲೆಕ್ಕ ಇಲ್ಲ. ಇದಕ್ಕೆ ಒಂದು ಉಪಾಯ ಕಂಡುಹಿಡಿದದ್ದು ದೂರದ ದೇಶಗಳಲ್ಲಿ. 1974ರಲ್ಲಿ ನಿಕರಾಗುವಾ ಎಂಬ ದೇಶದಲ್ಲಿ ರೇಡಿಯೋ ಮೂಲಕ ಮಕ್ಕಳಿಗೆ ಗಣಿತ ಕಲಿಸಲು ಪ್ರಾರಂಭಿಸಿದರು. 1980ರ ನಂತರ ಆಫ್ರಿಕಾದ ಕೀನ್ಯಾದಲ್ಲಿ ಹೀಗೆಯೇ ಸಣ್ಣ ತರಗತಿಯವರಿಗೆ ಇಂಗ್ಲಿಷ್ ಕಲಿಸಿದರು. ಆ ಮಕ್ಕಳ ಮನೆಯಲ್ಲೂ ನಮ್ಮ ಹಾಗೆ ಬೇರೆ ಬೇರೆ ಭಾಷೆ. ಉಪಾಯ ಎಂತದೆಂದರೆ, ರೇಡಿಯೋ ಪ್ರಶ್ನೆ ಕೇಳುತ್ತದೆ, ಆಮೇಲೆ ಕೆಲವು ಸೆಕೆಂಡು ಸುಮ್ಮನಿರುತ್ತದೆ. ಆ ಸುಮ್ಮನೆ ಇರುವ ಹೊತ್ತಿನಲ್ಲಿ ಮಕ್ಕಳು ಗಟ್ಟಿಯಾಗಿ ಉತ್ತರ ಹೇಳಬೇಕು, ಅಥವಾ ಎದ್ದು ನಿಲ್ಲಬೇಕು, ಇಲ್ಲವೇ ಹಾಡಬೇಕು. ನಂತರ ರೇಡಿಯೋ ಸರಿಯುತ್ತರ ಹೇಳುತ್ತದೆ. ಕೇಳದೆ ಕೂತವನು ಆಗಲೇ ಸಿಕ್ಕಿಬೀಳುತ್ತಾನೆ. ನಮ್ಮ ರಾಜ್ಯದಲ್ಲೂ "ಚಿನ್ನರ ಚುಕ್ಕಿ" ಅಂತ ಇಂಥದೇ ಪಾಠಗಳನ್ನು ಆಕಾಶವಾಣಿಯಲ್ಲಿ ಪ್ರಸಾರ ಮಾಡಿದ್ದರು. ಅಷ್ಟೆಲ್ಲ ಮಾತಿನ ನಡುವೆ ಮಕ್ಕಳಿಗೆ ಕಲಿಸಿದ್ದು ಆ ಮಾತಿಲ್ಲದ ಕೆಲವು ಸೆಕೆಂಡು ಅಂತ ನನ್ನ ಅಭಿಪ್ರಾಯ.

ಇನ್ನು ಟಿ.ವಿ. 1975ರ ಆಗಸ್ಟ್ 1ರಿಂದ ಒಂದು ವರ್ಷ ಕಾಲ ಭಾರತದಲ್ಲಿ "ಸೈಟ್" ಎಂಬ ದೊಡ್ಡ ಪ್ರಯೋಗ ನಡೆಯಿತು. ಅಮೆರಿಕದ ಒಂದು ಉಪಗ್ರಹದ ಸಹಾಯದಿಂದ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ಟಿ.ವಿ. ಕಾರ್ಯಕ್ರಮ ತೋರಿಸಿದರು. ಕರ್ನಾಟಕದಲ್ಲಿ ಆಗಿನ ಬಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳ ಹಳ್ಳಿಗಳು ಅದರಲ್ಲಿ ಇದ್ದವು. ಬೆಳಿಗ್ಗೆ ಶಾಲೆಯ ಮಕ್ಕಳಿಗೆ, ಸಂಜೆ ಊರಿನವರಿಗೆ. ನಮ್ಮ ಜಿಲ್ಲೆಗೆ ಆ ಭಾಗ್ಯ ಇರಲಿಲ್ಲ. ಆಮೇಲೆ 2004ರ ಸೆಪ್ಟೆಂಬರ್ 20ರಂದು ಇಸ್ರೋದವರು ಶಿಕ್ಷಣಕ್ಕಾಗಿಯೇ "ಎಜುಸ್ಯಾಟ್" ಉಪಗ್ರಹ ಹಾರಿಸಿದರು. ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳಲ್ಲಿ ಅದರ ಪಾಠ ನೋಡಿದರು. ಕೊರೋನಾ ಬಂದು ಶಾಲೆ ಮುಚ್ಚಿದಾಗ ಚಂದನ ವಾಹಿನಿಯಲ್ಲಿ "ಸಂವೇದ" ಪಾಠ ಬಂತು. ಆಗ ನಾನು ಸಣ್ಣವನು. ಅಕ್ಕ ನೋಟ್‌ಬುಕ್ ಹಿಡಿದುಕೊಂಡು ಟಿ.ವಿ. ಎದುರು ಕೂತಿದ್ದು ನೆನಪುಂಟು. ಟಿ.ವಿ.ಯಲ್ಲಿ ಟೀಚರ್ ಬರೆದದ್ದನ್ನು ಅವಳು ಬರೆದುಕೊಳ್ಳುತ್ತಿದ್ದಳು. ಹೇಳಿದ್ದು ಎಂತ ಅಂತ ಅಮ್ಮ ಕೇಳಿದರೆ "ಬರೆದದ್ದು ಉಂಟಲ್ಲ" ಅನ್ನುತ್ತಿದ್ದಳು.

ಅಕ್ಕ ಹಾಗೆ ಹೇಳಿದ್ದು ಯಾಕೆ ಅಂತ ನನಗೆ ತಿಳಿದದ್ದು ಈ ವರ್ಷ. ಜೂನ್ ತಿಂಗಳಲ್ಲಿ ನಮ್ಮ ಕನ್ನಡ ಟೀಚರ್ ಜೇನು ಸಾಕುವುದರ ಬಗ್ಗೆ ಒಂದು ವಿಡಿಯೋ ತೋರಿಸಿದರು. ಹತ್ತು ನಿಮಿಷದ್ದು. ಎಲ್ಲರೂ ಕಣ್ಣು ಮಿಟುಕಿಸದೆ ನೋಡಿದೆವು. ಮುಗಿದ ಮೇಲೆ ಟೀಚರ್ ಕೇಳಿದರು, "ಆ ಮನುಷ್ಯ ಮುಖಕ್ಕೆ ಎಂತ ಕಟ್ಟಿಕೊಂಡಿದ್ದ?" ಎಲ್ಲರ ಕೈ ಮೇಲೆ. "ಹೊಗೆ ಯಾವುದರಿಂದ ಬಿಟ್ಟ?" ಆಗಲೂ ಎಲ್ಲರ ಕೈ ಮೇಲೆ. "ಜೇನುಪೆಟ್ಟಿಗೆಯನ್ನು ಯಾವಾಗ ತೆರೆಯಬಾರದು ಅಂತ ಹೇಳಿದ?" ಒಂದೂ ಕೈ ಇಲ್ಲ! ಮಳೆ ಬರುವಾಗ ತೆರೆಯಬಾರದು ಅಂತ ಅವನು ಎರಡು ಸಲ ಹೇಳಿದ್ದನಂತೆ. ಆದರೆ ಅದು ಚಿತ್ರದಲ್ಲಿ ಇರಲಿಲ್ಲ, ಬಾಯಲ್ಲಿ ಮಾತ್ರ ಇತ್ತು. ನಾವು ಹತ್ತು ನಿಮಿಷ ನೋಡಿದ್ದೆವೇ ಹೊರತು ಕೇಳಿರಲಿಲ್ಲ.

ಮರುದಿನ ಟೀಚರ್ ಪರದೆಯ ಮೇಲೆ ಹಳೆಯ ಬೆಡ್‌ಶೀಟ್ ಹಾಕಿ ಕರಿಮೆಣಸಿನ ಬಳ್ಳಿಯ ಬಗ್ಗೆ ಬೇರೊಂದು ವಿಡಿಯೋದ ಸ್ವರ ಮಾತ್ರ ಕೇಳಿಸಿದರು. ಸುರುವಿಗೆ ಗಲಾಟೆಯೋ ಗಲಾಟೆ. ಮೊದಲ ಸಲ ನಾಲ್ಕೈದು ಮಂದಿಗೆ ಮಾತ್ರ ಉತ್ತರ ಗೊತ್ತಾಯಿತು. ಎರಡನೆಯ ಸಲ ಕೇಳಿದಾಗ ಅರ್ಧ ತರಗತಿಗೆ ಗೊತ್ತಾಯಿತು. ಆಮೇಲೆ ಬೆಡ್‌ಶೀಟ್ ತೆಗೆದು ತೋರಿಸಿದರು. ನಾವು ಮನಸ್ಸಿನಲ್ಲಿ ಮಾಡಿಕೊಂಡ ಚಿತ್ರವೂ ಅಲ್ಲಿದ್ದ ಚಿತ್ರವೂ ಎಷ್ಟು ಹೊಂದುತ್ತದೆ ಅಂತ ನೋಡುವುದೇ ಒಂದು ಆಟವಾಯಿತು.

ಇದು ನಮ್ಮ ಊರಿನವರಿಗೆ ಹೊಸ ಸಂಗತಿ ಏನಲ್ಲ. ಯಕ್ಷಗಾನ ಬಯಲಾಟ ಮತ್ತು ತಾಳಮದ್ದಳೆ ಎರಡನ್ನೂ ಒಮ್ಮೆ ನೆನಪು ಮಾಡಿಕೊಳ್ಳಿ. ಆಟದಲ್ಲಿ ಕಿರೀಟ, ಬಣ್ಣ, ಕುಣಿತ ಎಲ್ಲ ಉಂಟು. ಬಣ್ಣದ ವೇಷ ಆರ್ಭಟೆ ಕೊಟ್ಟು ಬಂದರೆ ಮೂರು ವರ್ಷದ ಮಗುವಿಗೂ ಇವನು ರಾಕ್ಷಸ ಅಂತ ತಿಳಿಯುತ್ತದೆ. ಅರ್ಥ ಕೇಳಬೇಕೆಂದಿಲ್ಲ. ತಾಳಮದ್ದಳೆಯಲ್ಲಿ ವೇಷ ಇಲ್ಲ. ಪಂಚೆ ಶಾಲು ಹಾಕಿದ ನಾಲ್ಕಾರು ಮಂದಿ ಸಾಲಾಗಿ ಕೂತಿರುತ್ತಾರೆ. ಯಾರು ಕೃಷ್ಣ, ಯಾರು ಕೌರವ ಅಂತ ಮಾತಿನಿಂದಲೇ ತಿಳಿದುಕೊಳ್ಳಬೇಕು. ಪತ್ತನಾಜೆಗೆ ಮೇಳದವರು ಗೆಜ್ಜೆ ಬಿಚ್ಚಿದ ಮೇಲೆ ಮಳೆಗಾಲದಲ್ಲಿ ನಮಗೆ ಸಿಗುವುದು ಹೆಚ್ಚಾಗಿ ತಾಳಮದ್ದಳೆ. ಶೇಣಿ ಗೋಪಾಲಕೃಷ್ಣ ಭಟ್ಟರ (1918-2006) ಅರ್ಥ ಕೇಳಲಿಕ್ಕೆ ಅಜ್ಜ ಎಷ್ಟೋ ಮೈಲಿ ನಡೆದು ಹೋದವರು. ಆಡಿಯೋ ಕ್ಯಾಸೆಟ್ಟೂ ಇಟ್ಟುಕೊಂಡಿದ್ದಾರೆ. ಅಜ್ಜ ನಾಲ್ಕನೆಯ ತರಗತಿಗೆ ಶಾಲೆ ಬಿಟ್ಟವರು. ಆದರೆ ಎಂಥ ಕಠಿಣ ಕನ್ನಡ ಮಾತಾಡಿದರೂ ಅವರಿಗೆ ಅರ್ಥವಾಗುತ್ತದೆ. ಅದು ಪುಸ್ತಕದಿಂದ ಬಂದದ್ದಲ್ಲ. ನಾನು ಸಣ್ಣದಿರುವಾಗ ತಾಳಮದ್ದಳೆಯಲ್ಲಿ ಅಜ್ಜನ ತೊಡೆಯ ಮೇಲೆ ನಿದ್ದೆ ಮಾಡುತ್ತಿದ್ದೆ, ಈಗ ಎರಡು ಪಾತ್ರದ ವಾದ ಮುಗಿಯುವ ತನಕ ಎಚ್ಚರ ಇರುತ್ತೇನೆ.

ಹಾಗಾದರೆ ಚಿತ್ರವೇ ಬೇಡವೇ? ಹಾಗೂ ಹೇಳಲಿಕ್ಕೆ ಆಗುವುದಿಲ್ಲ. ಒಮ್ಮೆ ಬಯಲುಸೀಮೆಯ ಒಬ್ಬ ರೈತನ ಕತೆ ಕೇಳಿಸಿದರು. ಅದರಲ್ಲಿ ಅವನು ಎತ್ತುಗಳನ್ನು "ಕೂರಿಗೆ"ಗೆ ಕಟ್ಟುತ್ತಾನೆ. ನಮ್ಮ ಬೆಂಚಿನ ಹುಡುಗನಿಗೆ ಅದು ತುಳುವಿನ "ಕೋರಿಗ್" ಅಂತ ಕೇಳಿಸಿತು. ಕೋರಿ ಅಂದರೆ ಕೋಳಿ. "ಎತ್ತನ್ನು ಕೋಳಿಗೆ ಯಾಕೆ ಕಟ್ಟುವುದು ಟೀಚರ್?" ಅಂತ ನಿಜವಾಗಿ ಕೇಳಿದ! ತರಗತಿಯೆಲ್ಲ ನಕ್ಕಿತು. ಆದರೆ ನಕ್ಕವರಿಗೂ ಕೂರಿಗೆ ಅಂದರೆ ಎಂತದೆಂದು ಗೊತ್ತಿರಲಿಲ್ಲ. ನಮ್ಮಲ್ಲಿ ನೇಜಿ ನೆಡುವುದು, ಅಲ್ಲಿ ಕೂರಿಗೆಯಿಂದ ಸಾಲಿನಲ್ಲಿ ಬೀಜ ಬಿತ್ತುವುದು. ಇಂಥದ್ದನ್ನು ಹತ್ತು ಸಲ ಕೇಳಿಸಿದರೂ ಉಪಯೋಗ ಇಲ್ಲ, ಒಂದು ಸಲ ತೋರಿಸಿದರೆ ಸಾಕು. ಕಾಣದ ವಸ್ತುವಿಗೆ ಚಿತ್ರ ಬೇಕೇ ಬೇಕು. ಕಂಡ ವಸ್ತುವಿನ ಬಗ್ಗೆ ಹೇಳುವಾಗ ಚಿತ್ರ ಬಂದು ಕಿವಿಯ ಕೆಲಸವನ್ನು ಕದಿಯುತ್ತದೆ. ರೇಡಿಯೋವೋ ಟಿ.ವಿ.ಯೋ ಅಂತ ಮೇಲೆ ಹೆಸರಿನಲ್ಲಿ ಕೇಳಿದ್ದಕ್ಕೆ ನನ್ನ ಉತ್ತರ ಇದು: ಯಂತ್ರ ಯಾವುದೂ ಆಗಬಹುದು, ಯಾವುದು ಮೊದಲು ಯಾವುದು ಆಮೇಲೆ ಎಂಬುದೇ ಮುಖ್ಯ.

ಟೀಚರ್ ಈಗ ಹೀಗೆ ಮಾಡುತ್ತಾರೆ. ಮೊದಲು ಎರಡು ಪ್ರಶ್ನೆಯನ್ನು ಬೋರ್ಡಿನಲ್ಲಿ ಬರೆಯುತ್ತಾರೆ. ಪ್ರಶ್ನೆ ಮೊದಲೇ ಗೊತ್ತಿದ್ದರೆ ಕಿವಿ ಹುಡುಕುತ್ತಾ ಇರುತ್ತದೆ, ಸಂತೆಯಲ್ಲಿ ಕಳೆದುಹೋದ ತಮ್ಮನನ್ನು ಹುಡುಕುವ ಹಾಗೆ. ಆಮೇಲೆ ಸ್ವರ ಮಾತ್ರ, ಎರಡು ಮೂರು ನಿಮಿಷದ ತುಂಡು. ಉದ್ದ ಆದರೆ ಆಗುವುದಿಲ್ಲ. ನಡುವೆ ನಿಲ್ಲಿಸಿ "ಇನ್ನು ಎಂತ ಆಗಬಹುದು?" ಅಂತ ಕೇಳುತ್ತಾರೆ. ಇನ್ನೊಮ್ಮೆ ಕೇಳಿಸುತ್ತಾರೆ. ಬರೆದುಕೊಳ್ಳುವುದು ಎರಡನೆಯ ಸಲ ಮಾತ್ರ. ಕೊನೆಗೆ ಚಿತ್ರ. ಕೇಳಿದ್ದನ್ನು ಪಕ್ಕದವರಿಗೆ ನಮ್ಮ ಮನೆಮಾತಿನಲ್ಲಿ ಹೇಳಬೇಕು. ತುಳುವಿನಲ್ಲಿ ಹೇಳಲಿಕ್ಕೆ ಬಂದರೆ ಕನ್ನಡ ಅರ್ಥವಾಗಿದೆ ಅಂತ ಲೆಕ್ಕ, ಬಾಯಿಪಾಠ ಮಾಡಿ ಒಪ್ಪಿಸಿದ್ದಲ್ಲ.

ಇಂಗ್ಲಿಷಿಗೂ ಇದೇ ಕ್ರಮ. ಅದರಲ್ಲಿ ಒಂದು ಸಂಗತಿ ಗಮನಿಸಬೇಕು. ಇಂಗ್ಲಿಷ್ ಸಿನೆಮಾದ ಕೆಳಗೆ ಕನ್ನಡ ಅಕ್ಷರ ಬಂದರೆ ನಾವು ಕನ್ನಡ ಓದುತ್ತೇವೆ, ಕಿವಿ ಮಲಗುತ್ತದೆ. ಇಂಗ್ಲಿಷ್ ಮಾತಿಗೆ ಇಂಗ್ಲಿಷ್ ಅಕ್ಷರವೇ ಬಂದರೆ "ವಾಟರ್ಯಡೂಯಿಂಗ್" ಎಂಬುದು ನಾಲ್ಕು ಶಬ್ದ ಅಂತ ಕಣ್ಣು ಕಿವಿಗೆ ತೋರಿಸಿಕೊಡುತ್ತದೆ. ಮೂರನೆಯ ಸಲ ಅಕ್ಷರವನ್ನೂ ಮುಚ್ಚಿ ಕೇಳಬೇಕು.

ಅಡಚಣೆಗಳು ಇಲ್ಲ ಅಂತಲ್ಲ. ಆಟಿ ತಿಂಗಳ ಮಳೆಯಲ್ಲಿ ನಮ್ಮ ತಗಡಿನ ಮಾಡಿನ ಕೆಳಗೆ ಸ್ಪೀಕರ್ ಎಷ್ಟು ದೊಡ್ಡದು ಮಾಡಿದರೂ ಮಳೆಯದ್ದೇ ಗೆಲುವು. ಆಗ ಟೀಚರ್ ನಮ್ಮನ್ನು ಹಂಚಿನ ಮಾಡಿನ ಹಳೆಯ ಕೋಣೆಗೆ ಕರೆದುಕೊಂಡು ಹೋಗುತ್ತಾರೆ. ಸ್ಪೀಕರನ್ನು ಗೋಡೆಯ ಮೂಲೆಯಲ್ಲಿ ಇಟ್ಟರೆ ಗುಂಯ್ ಅನ್ನುತ್ತದೆ, ನಮ್ಮ ನಡುವೆ ಮೇಜಿನ ಮೇಲೆ ಇಟ್ಟು ಸುತ್ತ ಕೂತರೆ ಸ್ಪಷ್ಟ. ಕರೆಂಟು ಹೋದರೆ ಬ್ಯಾಟರಿಯ ರೇಡಿಯೋ ಉಂಟು. ಚಾರ್ಮಾಡಿ ಹತ್ತಿರದ ನನ್ನ ಚಿಕ್ಕಮ್ಮನ ಮನೆಯಲ್ಲಿ ಫೋನಿಗೆ ನೆಟ್‌ವರ್ಕ್ ಸಿಗಬೇಕಾದರೆ ಗುಡ್ಡೆ ಹತ್ತಬೇಕು, ಅಲ್ಲಿಯ ಮಕ್ಕಳಿಗೆ ಪೆನ್‌ಡ್ರೈವಿನಲ್ಲಿ ಹಾಕಿಕೊಟ್ಟರೆ ಮಾತ್ರ ಆದೀತು. ನಮ್ಮ ಪಠ್ಯಪುಸ್ತಕದ ಪಾಠಗಳಲ್ಲಿ ಚೌಕುಳಿಯ ಹಾಗೆ ಕ್ಯೂಆರ್ ಕೋಡ್ ಉಂಟಲ್ಲ, ಅದನ್ನು ಫೋನಿನಲ್ಲಿ ಹಿಡಿದರೆ ದೀಕ್ಷಾ ಎಂಬಲ್ಲಿ ಆ ಪಾಠಕ್ಕೆ ಬೇಕಾದದ್ದು ಸಿಗುತ್ತದೆ. ಆದರೆ ಅಪ್ಪನ ಫೋನು ರಾತ್ರಿ ಅಪ್ಪ ಬಂದ ಮೇಲೆಯೇ ಸಿಗುವುದು, ಸಿಕ್ಕಿದ ಮೇಲೆ ನಾವು ಪಾಠವನ್ನೇ ಹಾಕುತ್ತೇವೆ ಅಂತ ಹೇಳಿದರೆ ಯಾರೂ ನಂಬಲಿಕ್ಕಿಲ್ಲ. ಇನ್ನೊಂದು ಮಾತು. ಸ್ವರ ಮಾತ್ರ ಕೇಳಿಸುವಾಗ ಯಾವಾಗಲೂ ಹಿಂದೆ ಬೀಳುವವರು ಇದ್ದರೆ ಅವರಿಗೆ ಬುದ್ಧಿ ಕಡಿಮೆ ಅಂತ ತಿಳಿಯಬಾರದು. ನಮ್ಮಲ್ಲಿ ಒಬ್ಬಳಿಗೆ ಹಾಗಾದಾಗ ಡಾಕ್ಟರಿಗೆ ತೋರಿಸಿದರು, ಅವಳ ಒಂದು ಕಿವಿ ಸೋರುತ್ತಿತ್ತು. ಈಗ ಮದ್ದು ಬಿಡುತ್ತಿದ್ದಾರೆ, ಅವಳು ಮುಂದಿನ ಬೆಂಚಿನಲ್ಲಿ ಕೂರುತ್ತಾಳೆ.

ನಮಗೆ ಬೇಕಾದ ಸ್ವರ ಎಲ್ಲ ಹೊರಗಿನಿಂದಲೇ ಬರಬೇಕೆಂದಿಲ್ಲ. ನಾನು ಮತ್ತು ನನ್ನ ಗೆಳೆಯ ಸೇರಿ ಅಜ್ಜನ ಮಾತನ್ನು ಫೋನಿನಲ್ಲಿ ರೆಕಾರ್ಡ್ ಮಾಡಿದ್ದೇವೆ. 1974ರಲ್ಲಿ ನೇತ್ರಾವತಿಗೆ ದೊಡ್ಡ ನೆರೆ ಬಂದು ಬಂಟ್ವಾಳ ಪೇಟೆ ಮುಳುಗಿದ ಕತೆ. ಆರು ನಿಮಿಷ ಉಂಟು. ಅಜ್ಜ ನಮಗಾಗಿ ಕನ್ನಡದಲ್ಲಿಯೇ ಹೇಳಿದ್ದಾರೆ, ಸಿಟ್ಟು ಬಂದಲ್ಲಿ ಮಾತ್ರ ತುಳು. ನಡುವೆ ಕೋಳಿ ಕೂಗಿದ್ದು, ಅಜ್ಜಿ ಚಾ ತಂದಿಟ್ಟದ್ದು ಕೂಡ ಕೇಳಿಸುತ್ತದೆ. ಬರುವ ಶನಿವಾರ ಕೊನೆಯ ಪೀರಿಯಡಿನಲ್ಲಿ ಹಂಚಿನ ಮಾಡಿನ ಕೋಣೆಯಲ್ಲಿ ಅದನ್ನು ಕೇಳಿಸುತ್ತೇವೆ. ಆರನೆಯವರೂ ಬರಬಹುದು. ಪ್ರಶ್ನೆ ಎರಡೇ: ದೋಣಿ ಎಲ್ಲಿಯವರೆಗೆ ಬಂತು? ಅಜ್ಜನ ಮನೆಯವರು ಮೊದಲು ಹೊರಗೆ ತಂದ ವಸ್ತು ಯಾವುದು? ಉತ್ತರ ಬರೆಯಲು ಒಂದು ತುಂಡು ಕಾಗದ ತನ್ನಿ. ಜೋರು ಮಳೆ ಬಂದರೆ ಸೋಮವಾರಕ್ಕೆ.